ಚೆನ್ನವ್ವನ ಕುಣಿಯ ಮಣ್ಣು

ಕಿರುಬೇಸಿಗೆ ತಿಂಗಳ ಮೂವತ್ತನಾಲ್ಕನೆಯ ದಿನ, ಇಸವಿ ೨೨೧೯

ದಾಕ್ಷಾಯಣವ್ವನವರಿಗೆ, ನಿಮ್ಮ ಮರಿಮೊಮ್ಮಗಳ ಮರಿಮೊಮ್ಮಗಳು ನಿಂಬೆವ್ವ ಮಾಡುವ ಶರಣು ಶರಣಾರ್ಥಿ.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಮುಗಿಯುವುದೇ ಇಲ್ಲವೆಂದು ಬೇಸತ್ತು ನಾವು ವರ್ಷಕ್ಕೆ ಸೇರಿಸಿಕೊಂಡ ತಿಂಗಳಿದು. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಮ್ಮಿಬ್ಬರ ನಡುವೆ ಸುಮಾರು ಇನ್ನೂರು ವರ್ಷವಿದೆ. ಈ ಕಾಗದವನ್ನು ಹಿನ್ನಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ, ಅದಕ್ಕೂ ನೂರೆಂಟು ತಕರಾರು. ನನ್ನ ಪಾಲಿನದು ನಿಮಗೆ.

ನಾನು ಕೂದಲೋದುಗಾರ್ತಿ. ಸತ್ತವರ ಕೂದಲೆಳೆಯನ್ನು ಬುಡದಿಂದ ತುದಿಯವರೆಗೆ ಯಂತ್ರದಲ್ಲಿ ಓದಿ, ಮೈಗೆ ಯಾವ ವಿಷ ಯಾವಾಗ ಹೊಕ್ಕಿತ್ತು, ಹೊಕ್ಕಿತ್ತೋ ಇಲ್ಲವೋ ಎಂದು ಹೇಳುವ ಕೆಲಸ. ವಿಷ ಹಾಕಿ ಕೊಲ್ಲುವುದು ಈಗ ಬಲು ಅಪರೂಪ. ನಾವು ಉಣ್ಣುವುದು ನಂಜುತಟ್ಟೆಯಲ್ಲಿ. ವಿಷ ಸೋಕಿದರೆ ಅದರ ಅಂಚು ನೀಲಿಯಾಗುತ್ತದೆ. ಹಾಗಲಕಾಯಿ ಪಲ್ಯ ಮಾಡಿದ ದಿನ ಮನೆಯ ಮಕ್ಕಳು ತಾವೇ ಅಂಚಿಗೆ ನೀಲಿ ಬಳಿದುಕೊಂಡು ಬಂದು ತೋರಿಸುತ್ತಾರೆ, ಕಳ್ಳರು. ಹಾಗಾಗಿ ನಮ್ಮಲ್ಲಿಗೆ ಬರುವುದೆಲ್ಲ ಹಳೆಯ ಕಾಲದ ಸಂದೇಹಗಳು. ಈ ವಾರ ನಮ್ಮ ಮನೆತನದ ಸಂದೇಹವನ್ನೇ ಕೈಗೆತ್ತಿಕೊಂಡೆ.

ನಿಮ್ಮ ಅತ್ತೆ ಚೆನ್ನವ್ವ ವಾರಗಟ್ಟಲೆ ಜ್ವರ, ವಾಂತಿಯಿಂದ ನರಳಿ ತೀರಿಕೊಂಡರು. ದಿನವೂ ಗಂಜಿ ಕುಡಿಸಿದವರು ನೀವು. ಮಣ್ಣು ಮಾಡಿ ಒಂದು ಮಳೆಗಾಲ ಕಳೆದ ಮೇಲೆ ಮೈದುನ ದೂರು ಕೊಟ್ಟು ಕುಣಿ ತೋಡಿಸಿದರು. ಹೆಣದ ಕೂದಲಲ್ಲಿ ಪಾಷಾಣ, ಅಂದರೆ ಆರ್ಸೆನಿಕ್, ಸಿಕ್ಕಿತು. ಇಲಿಗೆಂದು ತಂದ ಪಾಷಾಣ ನಿಮ್ಮ ಅಡುಗೆಮನೆಯಲ್ಲೂ ಸಿಕ್ಕಿತು. ಹಾಕಿದವರು ಯಾರೆಂದು ಸಾಬೀತಾಗದೆ ಕೋರ್ಟು ನಿಮ್ಮನ್ನು ಬಿಟ್ಟಿತು, ಊರು ಬಿಡಲಿಲ್ಲ. "ಆಕಿ ಕೈಯಾನ ನೀರು ಸೈತ ಕುಡೀಬ್ಯಾಡ್ರಿ" ಎಂದಿತು. ನನಗೆ ಅದಕ್ಕಿಂತ ಸಂಕಟವಾದದ್ದು ಮಗಳು ಸುನಂದಾಗೆ ಮದುವೆಯ ಹಿಂದಿನ ದಿನ ನೀವು ಹೇಳಿದ ಮಾತು. ತಾಯಿಯಿಂದ ಮಗಳಿಗೆ ದಾಟುತ್ತ ಅದು ನನ್ನ ತನಕ ಬಂದಿದೆ: "ನಿನ್ನ ಮದುವಿ ಅಡಗಿಗೆ ನಾ ಕೈ ಹಚ್ಚೂದಿಲ್ಲವ್ವಾ. ಬೇಕಂತ ಹಾಕಿಲ್ಲ ಖರೆ. ಆದ್ರ ಪಾಷಾಣ ಗಂಜಿ ಹಿಟ್ಟಿನ ಡಬ್ಬಿ ಬಾಜೂಕ ಇತ್ತಲ್ಲ, ಕೈತಪ್ಪಿ ಬಿತ್ತೋ ಏನೋ." ಆ ದಿನ ನಿಮಗೆ ಇವತ್ತು, ಈ ಕಾಗದ ನಿಮ್ಮ ಕೈ ಸೇರುವ ದಿನ.

ಹೂತ ಹೆಣ ತೆಗೆದಾಗ ಸುತ್ತಲಿನ ಮಣ್ಣನ್ನೂ ಸೀಸೆಗೆ ತುಂಬಿ ಪರೀಕ್ಷೆಗೆ ಕಳಿಸುವ ಪದ್ಧತಿ ನಿಮ್ಮ ಕಾಲದಲ್ಲೇ ಇತ್ತು. ಡಾಕ್ಟರು ತುಂಬಿದ್ದರು. ಆ ಸೀಸೆ ಎಲ್ಲೋ ಹಿಂದುಳಿದು, ವರದಿ ಹೋದ ಮೇಲೆ ಪ್ರಯೋಗಾಲಯ ತಲುಪಿತು. ಯಾರೂ ಅದರ ಮುಚ್ಚಳ ತೆಗೆಯಲಿಲ್ಲ. ಪುಣ್ಯಕ್ಕೆ ಎಸೆಯಲೂ ಇಲ್ಲ. ಆ ಸೋಮಾರಿತನಕ್ಕೆ ನನ್ನದೊಂದು ದೊಡ್ಡ ನಮಸ್ಕಾರ. ಈಗ ನಾನು ತೆಗೆದೆ. ಮಣ್ಣಿನ ತುಂಬ ಪಾಷಾಣ! ನಿಮ್ಮೂರ ನೆಲದ ಗುಣವೇ ಅದು. ಉಂಡ ವಿಷವಾಗಿದ್ದರೆ ಕೂದಲ ಬುಡದ ಹತ್ತಿರ ತಿರುಳಿನಲ್ಲಿ ಪಟ್ಟೆಯಾಗಿ ನಿಲ್ಲಬೇಕಿತ್ತು. ಚೆನ್ನವ್ವನ ಕೂದಲ ತಿರುಳು ಶುದ್ಧವಾಗಿದೆ, ಹೊರಮೈಗಷ್ಟೇ ಕುಣಿಯ ಮಣ್ಣಿನ ಪಾಷಾಣ ಅಂಟಿದೆ. ಪ್ರಯೋಗಾಲಯದಲ್ಲಿ ಕೂದಲಿನ ಜೊತೆಗೆ ಅವರ ಹಲ್ಲೊಂದೂ ಉಳಿದಿತ್ತು. ಅದರೊಳಗೆ ಟೈಫಾಯ್ಡ್ ರೋಗಾಣುವಿನ ಗುರುತು ಸಿಕ್ಕಿತು. ನೀವು ಬೇಕೆಂದು ಹಾಕಿರಲಿಲ್ಲ. ನಿಮ್ಮ ಕೈಯೂ ತಪ್ಪಿರಲಿಲ್ಲ. ಇದನ್ನು ಓದಿ ನಾನು ಯಂತ್ರದ ಮುಂದೆಯೇ ಅತ್ತುಬಿಟ್ಟೆ. ಎದೆ ಎಷ್ಟು ಹಗುರಾಯಿತೆಂದರೆ, ಅಂದು ಮನೆಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ಈ ಕಾಗದ ಕೋರ್ಟಿನಲ್ಲಿ ನಡೆಯುವುದಿಲ್ಲ. ಊರವರಿಗೆ ತೋರಿಸಿದರೆ ನಿಮಗೆ ತಲೆ ಕೆಟ್ಟಿದೆ ಎಂದಾರು. ನಿಮಗೆ ಗೊತ್ತಾದರೆ ನನಗೆ ಸಾಕು. ಒಂದು ಬೇಡಿಕೆ ಮಾತ್ರ ಇದೆ. ನಾಳೆ ಒಲೆಯ ಮುಂದೆ ಕೂತು ನೀವೇ ಅಡುಗೆ ಮಾಡಿ, ಸುನಂದಾಗೆ ನೀವೇ ಬಡಿಸಿ. ಬೇರೆಯವರು ಉಣ್ಣದಿದ್ದರೆ ಬಿಡಲಿ. ಅವಳು ನಿಮ್ಮ ಕೈಯಡುಗೆ ಉಂಡೇ ಬೆಳೆದವಳು, ನಾವೆಲ್ಲ ಅವಳ ಮಕ್ಕಳು.