ಪೂನಮ ಬರೆದ ಶಬ್ದ

ಜುಗೂಳ
ಕ್ಷಮಾವಾಣಿಯ ದಿನ, ೮ ಸೆಪ್ಟೆಂಬರ್ ೨೦೨೫

ಪ್ರೀತಿಯ ಪೂನಮಳಿಗೆ ಹೆತ್ತ ಆಯಿಯ ಆಶೀರ್ವಾದ.

ನಿನ್ನ ಕೆಮ್ಮು ಹೇಗಿದೆ? ಹುಬ್ಬಳ್ಳಿಯ ಹೋಟೆಲ್ ಊಟ ಬಿಟ್ಟು ಒಂದು ಹಿಡಿ ಅನ್ನ ಬೇಯಿಸಿಕೊಂಡರೆ ನಿನ್ನ ಪೇಪರಿನವರು ಸಂಬಳ ಕಡಿಯುವುದಿಲ್ಲ. ಫೋನಿನಲ್ಲಿ ನೀನು ನನಗೆ ಮಾತು ಮುಗಿಸಗೊಡುವುದಿಲ್ಲ, ಅದಕ್ಕೇ ಈ ಕಾಗದ.

ಹಾಲಸಿದ್ದನ ಕೋಳಿ ಶೆಡ್ಡಿನ ಬಗ್ಗೆ ನೀನು ಬರೆದ ಸುದ್ದಿ ಓದಿದೆ. ಹಕ್ಕಿಜ್ವರ ಬಂತೆಂದು ಕೋಳಿಗಳನ್ನೆಲ್ಲ ಕೊಲ್ಲಿಸಿ ಹೂಳಿಸಿದ ಪಶುವೈದ್ಯ ನಿನ್ನ ಒಡಹುಟ್ಟಿದ ದಾದಾ ಶ್ರೇಣಿಕನೆಂದು ನಿನಗೆ ಗೊತ್ತಿತ್ತು. ಹೆಸರು ಹಾಕಲಿಲ್ಲ, ಅದು ನಿನ್ನ ದೊಡ್ಡತನ. ಆದರೆ ದಪ್ಪಕ್ಷರದ ‘ಮಾರಣಹೋಮ’ ನೋಡಿದ ಮೇಲೆ ಊರಿಗೆ ಹೆಸರು ಬೇಕಾಗಲಿಲ್ಲ. ಬಸದಿಯಲ್ಲಿ ಅವನಿಂದ ದೂರ ಸರಿದು ಕೂರುತ್ತಾರೆ. ಪರ್ವದ ಉಪವಾಸ ಮುಗಿದರೂ ಅವನು ಸರಿಯಾಗಿ ಉಣ್ಣುತ್ತಿಲ್ಲ. ನನಗೆ ಹೆದರಿಕೆಯಾಗಿದೆ.

ಮಾರಣವೆಂದರೆ ವೈರಿ ಸಾಯಲೆಂದು ಮಾಡಿಸುವ ಮಾಟ ಎಂದು ನಿನ್ನ ಅಜ್ಜ ಹೇಳುತ್ತಿದ್ದರು. ಅದಕ್ಕೆ ದ್ವೇಷ ಬೇಕು, ಫಲದ ಆಸೆಯೂ ಬೇಕು. ನಿನ್ನ ದಾದಾನಿಗೆ ಯಾರ ಮೇಲೆ ದ್ವೇಷ? ಕೋಳಿಗೂ ಅದೇ ಶಬ್ದ, ಕಡಿದ ಮರಕ್ಕೂ ಅದೇ ಶಬ್ದ ಹಾಕುತ್ತೀರಿ ನೀವು ಪೇಪರಿನವರು. ಊರಿಗೆ ಊರೇ ಮನುಷ್ಯರನ್ನು ಕೊಂದಾಗ ಹೇಳಲು ಏನು ಉಳಿಸಿಕೊಂಡಿದ್ದೀರಿ? ಹಾಗೆಂದು ಅವನ ಕಚೇರಿಯವರ ‘ವಿಲೇವಾರಿ’ಯೂ ನನಗೆ ಸೇರದು. ಅದು ಕಸಕ್ಕೆ ಹೇಳುವ ಮಾತು. ಸತ್ತದ್ದು ಜೀವ.

ಇಂದು ನಮ್ಮವರೆಲ್ಲ ವರ್ಷದ ತಪ್ಪುಗಳಿಗೆ ಕ್ಷಮೆ ಕೇಳಲು ಮನೆಮನೆಗೆ ಹೊರಟರೆ, ಇವನು ಹೋಗಿ ಹಾಲಸಿದ್ದನ ಖಾಲಿ ಶೆಡ್ಡಿನ ಮುಂದೆ ಚಪ್ಪಲಿ ಬಿಟ್ಟು ಕೈಮುಗಿದು ನಿಂತನಂತೆ. ಹಾಲಸಿದ್ದ ಗಾಬರಿಯಿಂದ ಬಂದು, ತನಗೇನೂ ಸಿಟ್ಟಿಲ್ಲವೆಂದು ಸಮಾಧಾನ ಹೇಳಿದ. ಅದಕ್ಕಿವನು, “ನಿಮ್ಮನ್ನ ಆಮ್ಯಾಲೆ ಕೇಳ್ತೇನ್ರಿ. ಮೊದ್ಲ ಆ ಕೋಳಿಗಳನ್ನ ಕೇಳಾಕತ್ತೇನಿ” ಎಂದನಂತೆ. ಹಾಲಸಿದ್ದನೇ ಬಂದು ನನ್ನ ಮುಂದೆ ಇದನ್ನು ಹೇಳಿ ಕಣ್ಣೊರೆಸಿಕೊಂಡ. ನಾನೂ ಅತ್ತೆ.

ಮನಸ್ಸಿನಲ್ಲಾಗಲಿ ಮಾತಿನಲ್ಲಾಗಲಿ ನಿನ್ನನ್ನು ನೋಯಿಸಿದ್ದರೆ, ಈ ಕಾಗದದ ಬೈಗುಳವೂ ಸೇರಿ, ಕ್ಷಮಿಸಿಬಿಡು ಮಗಳೇ.

ನಿನ್ನ ಆಯಿ,
ತಾರಾಬಾಯಿ

ತಾ.ಕ.: ಬರುವ ವಾರ ಇನ್ನೊಂದು ಊರಿನ ಶೆಡ್ಡಿಗೂ ಅವನನ್ನೇ ಕಳಿಸುತ್ತಿದ್ದಾರೆ. ರಜೆ ಹಾಕೆಂದರೆ ಕೇಳಲಿಲ್ಲ. “ನಾ ಹೋಗ್ಲಿಲ್ಲಂದ್ರ, ಅವಕ್ಕ ನೋವಾಗದಂಗ ನೋಡ್ಕೊಳ್ಳವ್ರು ಯಾರದಾರ ಆಯಿ?” ಅಂದ. ನೀನೂ ಬಾ. ಬೆಳಗಿನಿಂದ ಸಂಜೆತನಕ ಅವನ ಪಕ್ಕ ನಿಂತು ನೋಡು. ಆಮೇಲೆ ನಿನಗೆ ಯಾವ ಶಬ್ದ ಸರಿ ಕಾಣುತ್ತದೋ ಅದನ್ನೇ ಬರೆ, ನಾನು ತುಟಿ ಬಿಚ್ಚುವುದಿಲ್ಲ.