ನೂರಾ ನಲವತ್ತೊಂದರ ಗುಂಡಿ ಒತ್ತಲು ಎಷ್ಟು ಸಹಿ ಬೇಕು?

ವಿಶ್ವವಿದ್ಯಾಲಯದ ವಿದ್ಯಾರ್ಥಿ ನೆರವು ಕೇಂದ್ರದ ಮಾನ್ಯ ಸಂಯೋಜಕರೇ,

ನಿಮ್ಮ ಕೇಂದ್ರಕ್ಕೆ ಬೀಗ ಬಿದ್ದಿರುವುದರ ಬಗ್ಗೆ ನನ್ನ ತಕರಾರಿಲ್ಲ. ಬೀಗ ಒಳ್ಳೆಯದೇ, ಗಟ್ಟಿ ಹಿತ್ತಾಳೆಯದು. ತಕರಾರಿರುವುದು ಬೀಗದ ಮೇಲೆ ಅಂಟಿಸಿದ ಚೀಟಿಯ ಬಗ್ಗೆ. 'ಮಾಹಿತಿಗಾಗಿ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ವಿಚಾರಿಸಿ' ಎಂದು ಅದರಲ್ಲಿ ಬರೆದಿದೆ. ಆ ಅಂಗಡಿ ನನ್ನದು. ಒಂದು ಮಾತೂ ಕೇಳದೆ ನನ್ನನ್ನು ನೇಮಕ ಮಾಡಿಕೊಂಡಿದ್ದೀರಿ. ಆದೇಶವನ್ನಾದರೂ ಕಳಿಸಬಾರದಿತ್ತೇ? ಜೆರಾಕ್ಸ್ ನಾನೇ ಮಾಡಿಕೊಳ್ಳುತ್ತಿದ್ದೆ.

ನೇಮಕವಾದ ಮೇಲೆ ಕೆಲಸ ಮಾಡಲೇಬೇಕಲ್ಲ. ಮಾಡುತ್ತಿದ್ದೇನೆ. ಫೇಲಾದವರ ಪರಿಹಾರ ಬೋಧನೆಗೆ ಒಂದು ಕೋಣೆ, ಪುಸ್ತಕದ ನೆರವಿಗೆ ಇನ್ನೊಂದು, ಆಪ್ತಸಮಾಲೋಚನೆಗೆ ಮಹಡಿಯ ಮೇಲೆ ಮತ್ತೊಂದು, ಪರೀಕ್ಷೆಯ ಅನುಕೂಲಗಳಿಗೆ ಆಡಳಿತ ಕಟ್ಟಡದಲ್ಲಿ ಮಗದೊಂದು. ಒಂದು ಕೋಣೆಯವರಿಗೆ ಇನ್ನೊಂದು ಕೋಣೆ ಎಲ್ಲಿದೆ ಎಂದು ಗೊತ್ತಿಲ್ಲ. ನನಗೆ ಗೊತ್ತಿದೆ. ಇವೆಲ್ಲವನ್ನೂ ಒಂದು ದಾರಕ್ಕೆ ಪೋಣಿಸಲೆಂದೇ ಸರ್ಕಾರ ನಿಮ್ಮನ್ನು ಕೂರಿಸಿತು. ದಾರ ಯಾವ ಕೋಣೆಯಲ್ಲಿದೆ ಎಂದು ನೀವೂ ನನ್ನ ಅಂಗಡಿಗೇ ಬಂದು ಕೇಳಬೇಕಾದೀತು ಎಂಬ ಭಯ ನನಗಿದೆ.

ಇಲ್ಲಿ ನನ್ನ ಪ್ರಾಮಾಣಿಕತೆಯನ್ನು ದಯವಿಟ್ಟು ಗಮನಿಸಿ. ಒಂದೇ ಅರ್ಜಿಯನ್ನು ಒಬ್ಬಳೇ ಹುಡುಗಿ ಒಂಬತ್ತು ಸಲ ಜೆರಾಕ್ಸ್ ಮಾಡಿಸುವ ವ್ಯವಸ್ಥೆ ನನ್ನಂಥವನಿಗೆ ಕಾಮಧೇನು. ಅದು ಸರಿಯಾಗಲಿ ಎಂದು ಪತ್ರ ಬರೆಯುವುದೆಂದರೆ ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿಹಾಕಿಕೊಂಡಂತೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಆ ಹುಡುಗಿಯ ಪರೀಕ್ಷೆ ಬರುವ ಮಂಗಳವಾರ ಇದೆ.

ಅವಳ ಹೆಸರು ಗಂಗೋತ್ರಿ, ಊರು ಸಿರಿಗೇರಿ. ಅರ್ಥಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದಾಳೆ. ಅವಳಿಗೆ ಕಣ್ಣು ಕಾಣುವುದಿಲ್ಲ ಎಂದಲ್ಲ, ಸಣ್ಣ ಅಕ್ಷರ ಕಾಣುವುದಿಲ್ಲ. ಕನ್ನಡಕದಿಂದ ಸರಿಹೋಗುವ ದೋಷವೂ ಅದಲ್ಲ. ತನಗೆ ಬೇಕಾದ ಟಿಪ್ಪಣಿಗಳನ್ನು ಅವಳು ನನ್ನಲ್ಲಿಗೆ ತರುತ್ತಾಳೆ. ನನ್ನ ಯಂತ್ರದಲ್ಲಿ ಒಂದು ಗುಂಡಿ ಇದೆ. ಶೇಕಡಾ ನೂರಾ ನಲವತ್ತೊಂದು ಎಂದು ಒತ್ತಿದರೆ ಸಣ್ಣ ಹಾಳೆಯ ಬರಹ ದೊಡ್ಡ ಹಾಳೆಯ ತುಂಬ ಹರಡಿಕೊಂಡು ಬರುತ್ತದೆ. ಅದನ್ನು ಸುರುಳಿ ಸುತ್ತಿಕೊಂಡು ಬಸ್ಸು ಹತ್ತುತ್ತಾಳೆ. ಕುರುಗೋಡಿನವನಾದ ಅವಳ ಸಹಪಾಠಿ ಶರಣ, ದಾರಿಯುದ್ದಕ್ಕೂ ಉಳಿದದ್ದನ್ನು ಓದಿ ಹೇಳುತ್ತಾನೆ. ನಿಮ್ಮ ಪರಿಹಾರ ಬೋಧನೆ ಸದ್ಯಕ್ಕೆ ನಡೆಯುತ್ತಿರುವುದು ಸಿರಿಗೇರಿ ಬಸ್ಸಿನ ಹಿಂದಿನ ಸೀಟಿನಲ್ಲಿ. ಹಾಜರಾತಿ ಅಲ್ಲಿ ನೂರಕ್ಕೆ ನೂರು, ಬಸ್ಸು ಕೆಟ್ಟು ನಿಂತ ದಿನ ವಿಶೇಷ ತರಗತಿಯೂ ಉಂಟು.

ಕಳೆದ ಸಲ ಸಂಖ್ಯಾಶಾಸ್ತ್ರದ ಪ್ರಶ್ನೆಪತ್ರಿಕೆಯಲ್ಲಿ ಮೂರನ್ನು ಎಂಟು ಎಂದು ಓದಿಕೊಂಡಳು. ಎಂಟು ಎಂದುಕೊಂಡೇ ಎರಡು ಪುಟ ಲೆಕ್ಕ ಮಾಡಿದಳು. ಒಂದು ಹೆಜ್ಜೆಯೂ ತಪ್ಪಿರಲಿಲ್ಲ. ಯಾರೂ ಕೇಳದ ಪ್ರಶ್ನೆಗೆ ಸರಿಯಾದ ಉತ್ತರ ಬರೆದು ನಾಲ್ಕು ಅಂಕದಿಂದ ಫೇಲಾದಳು. ಈ ಸಲವೂ ದಾಟದಿದ್ದರೆ ಮುಂದಿನ ಸೆಮಿಸ್ಟರ್‌ಗೆ ಪ್ರವೇಶವಿಲ್ಲ, ಒಂದು ವರ್ಷ ಮನೆಯಲ್ಲಿ ಕೂರಬೇಕು. ಆದ್ದರಿಂದ ಪ್ರಶ್ನೆಪತ್ರಿಕೆಯನ್ನು ದೊಡ್ಡ ಅಕ್ಷರದಲ್ಲಿ ಕೊಡಿ ಎಂದು ಅರ್ಜಿ ಹಾಕಿದಳು. ಅಲ್ಲಿಂದ ಶುರುವಾಯಿತು ಅವಳ ಪ್ರದಕ್ಷಿಣೆ.

"ಮಾಮ, ಇನ್ನೊಂದು ಕಾಪಿ ತೆಗೀರಿ."

"ಮತ್ಯಾಕವ್ವ? ನಿನ್ನಿ ತೆಗದು ಕೊಟ್ಟಿದ್ನಲ್ಲ."

"ಪರೀಕ್ಷಾ ವಿಭಾಗದಾಗ ಮೊದ್ಲು ಕೇಂದ್ರದ ಸಹಿ ತಗಂಡು ಬಾ ಅಂದ್ರು. ಕೇಂದ್ರದಾಗ ಮೊದ್ಲು ಡಿಪಾರ್ಟ್‌ಮೆಂಟಿನ ಸಹಿ ಅಂದ್ರು. ಡಿಪಾರ್ಟ್‌ಮೆಂಟಿನಾಗ ಕೊಟ್ಟಿದ್ದ ಕಾಪಿ ಕಳದೈತಿ ಅಂತ."

ಒಂದು ದಿನ ನಿಮ್ಮ ಬಾಗಿಲು ತೆರೆದಿತ್ತು. ನಿಮ್ಮ ಗುಮಾಸ್ತರು ಫಾರಂ ನೋಡಿ ಬಹಳ ಕಳಕಳಿಯಿಂದಲೇ, "ಕಣ್ಣಿನ ತೊಂದ್ರಿ ಅಂದ್ರ ಬರಿಯಾಕ ಒಬ್ರನ್ನ ಕೊಡ್ತೀವಮ್ಮ. ಅಕ್ಷರ ದೊಡ್ಡದು ಮಾಡಾಕ ಫಾರಂನಾಗ ಕಾಲಂ ಇಲ್ಲ" ಎಂದರಂತೆ.

"ಸರ್, ಬರಿಯಾಕ ನನಗ ಬರ್ತೈತಿ. ಓದಾಕಷ್ಟ ಅಕ್ಷರ ದೊಡ್ಡವು ಬೇಕ್ರಿ" ಎಂದು ಇವಳು.

"ಹಂಗಾದ್ರ ನಿನಗ ತೊಂದ್ರಿನ ಇಲ್ಲ ಬಿಡಮ್ಮ" ಎಂದು ಅವರು.

ಕಾಲಂ ಇಲ್ಲದಿದ್ದರೆ ಕಾಯಿಲೆಯೂ ಇಲ್ಲ! ನಮ್ಮ ದೊಡ್ಡಾಸ್ಪತ್ರೆಯವರಿಗೆ ಈ ಚಿಕಿತ್ಸೆ ಯಾಕೆ ಹೊಳೆಯಲಿಲ್ಲವೋ ಕಾಣೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಹಳೆಯದು. ನಮ್ಮ ಪೂಜಾರಿ ಕೊಡಲಾರೆ ಎನ್ನುವುದಿಲ್ಲ, ಸೋಮವಾರ ಬಾ ಎನ್ನುತ್ತಾನೆ.

ಹೋದ ವಾರ ನಿಮ್ಮ ಕೇಂದ್ರದ ವಾರ್ಷಿಕ ವರದಿ ಪ್ರತಿ ಮಾಡಲು ನನ್ನಲ್ಲಿಗೆ ಬಂತು. ಗಿರಾಕಿಯ ಕಾಗದ ಓದಬಾರದು ಎಂಬುದು ನಮ್ಮ ಕಸುಬಿನ ಧರ್ಮ. ಇಪ್ಪತ್ತು ವರ್ಷದಿಂದ ಪಾಲಿಸಿದ್ದೇನೆ. ಆದರೆ ಒಂದು ಹಾಳೆ ಯಂತ್ರದೊಳಗೆ ಸಿಕ್ಕಿಹಾಕಿಕೊಂಡರೆ ಎಳೆದು, ಬಿಡಿಸಿ, ಕಣ್ಣೆದುರು ಹಿಡಿಯದೆ ವಿಧಿಯಿಲ್ಲ. ಅದು 'ನೆರವು ಪಡೆದ ಫಲಾನುಭವಿಗಳು' ಎಂಬ ಹಾಳೆ. ಹದಿನೇಳನೆಯ ಹೆಸರು ಗಂಗೋತ್ರಿ, ಸಿರಿಗೇರಿ. ಅದರ ಮುಂದೆ, 'ದೃಷ್ಟಿ ಸಮಸ್ಯೆ: ಅಗತ್ಯ ನೆರವು ಒದಗಿಸಲಾಗಿದೆ.' ಆ ಹೊತ್ತಿಗೆ ಗಂಗೋತ್ರಿ ಕೌಂಟರಿನ ಮುಂದೆ ಅರ್ಜಿಯ ಒಂಬತ್ತನೆಯ ಪ್ರತಿಗಾಗಿ ಕಾಯುತ್ತಾ ನಿಂತಿದ್ದಳು. ನಾನು ಆ ಸಾಲು ತೋರಿಸಿದೆ. ಅವಳು ಹಾಳೆಯನ್ನು ಮೂಗಿನ ಹತ್ತಿರ ತಂದುಕೊಂಡು ನೋಡಿ, "ಭಾಳ ಸಣ್ಣಾವು ಅದಾವ ಮಾಮ, ಏನಂತ ಬರದೈತಿ?" ಎಂದಳು. ನಾನು ಹಾಳೆಯನ್ನು ಹಿಂದಕ್ಕೆ ತೆಗೆದುಕೊಂಡೆ. ಏನಿಲ್ಲ, ಯಾವುದೋ ಹಳೆಯ ಕಾಗದ ಎಂದೆ. ಸಿಟ್ಟು ಬಂದಿತ್ತು ನನಗೆ, ನಿಜವಾದ ಸಿಟ್ಟು.

ಮೊನ್ನೆ ಅವಳ ತಾಯಿ ಅಂಬಮ್ಮ ಬಂದರು. ನಾಟಿ ಕೆಲಸ ಬಿಟ್ಟು, ಮಗಳಿಗೂ ಹೇಳದೆ, ಸಿರಿಗೇರಿಯ ಮೊದಲ ಬಸ್ಸಿಗೆ ಬಂದಿದ್ದರು. ಬೀಗದ ಮೇಲಿನ ಚೀಟಿಯನ್ನು ಯಾರಿಂದಲೋ ಓದಿಸಿಕೊಂಡು ಸೀದಾ ನನ್ನ ಅಂಗಡಿಗೆ ನಡೆದರು. ಆಗ ನಾನು ಯಂತ್ರದ ಹೊಟ್ಟೆಗೆ ಮೊಣಕೈವರೆಗೆ ಕೈ ಹಾಕಿದ್ದೆ, ಮುಖಕ್ಕೆಲ್ಲ ಕಪ್ಪು ಪುಡಿ ಮೆತ್ತಿತ್ತು. ಅವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಕೈ ಮುಗಿದರು.

"ದೊಡ್ಡ ಸಾಹೇಬ್ರು ನೀವೇನ್ರಿ? ಬಾಗ್ಲ ಮ್ಯಾಲೆ ನಿಮ್ಮನ್ನ ಕೇಳ್ರಿ ಅಂತ ಬರದೈತಂತ. ನನ್ನ ಮಗಳಿಗೆ ಅಕ್ಷರ ಒಂದೀಟು ದೊಡ್ಡವು ಮಾಡಿ ಕೊಡ್ರಿ. ಉಳದಿದ್ದು ಆಕೀನ ಬರೀತಾಳ."

ನಾನು ಸಾಹೇಬನಲ್ಲಮ್ಮ ಎನ್ನಬೇಕಿತ್ತು. ಅವರ ಕಾಲಲ್ಲಿ ಇನ್ನೂ ಗದ್ದೆಯ ಕೆಸರು ಒಣಗಿ ಅಂಟಿತ್ತು. ನಿಜವಾದ ಸಾಹೇಬರನ್ನು ಹುಡುಕಿಕೊಂಡು ಅವರು ಇನ್ನೆಷ್ಟು ಮೆಟ್ಟಿಲು ಹತ್ತಬೇಕು ಎಂದು ಯೋಚಿಸಿದೆ. "ಮಂಗಳವಾರ ಅಕ್ಷರ ದೊಡ್ಡವು ಇರ್ತಾವಮ್ಮ. ನೀವು ನಿಶ್ಚಿಂತಿಯಿಂದ ಊರಿಗೆ ಹೋಗ್ರಿ" ಎಂದುಬಿಟ್ಟೆ. ಅವರು ನಂಬಿ ಹೋದರು. ಮಾನ್ಯರೇ, ಅದು ನಿಮ್ಮ ಪರವಾಗಿ ನಾನು ಹೇಳಿದ ಸುಳ್ಳು. ವರದಿಯಲ್ಲಿ ನೀವು ಬರೆದದ್ದನ್ನೇ ನಾನು ಬಾಯಲ್ಲಿ ಹೇಳಿದೆ. ನಿಮಗೆ ಹೇಗೆ ನಿದ್ದೆ ಬರುತ್ತದೋ, ನನಗಂತೂ ಬಂದಿಲ್ಲ.

ನಾನೂ ಒಂದು ಕಾಲಕ್ಕೆ ಬಿ.ಎ. ಓದಿದವನೇ. ಇಂಗ್ಲಿಷಿನಲ್ಲಿ ಎರಡು ಸಲ ಮುಗ್ಗರಿಸಿ ಬಿಟ್ಟೆ. ಫೇಲಾದವರಿಗೆಂದೇ ನಮ್ಮ ಕಾಲೇಜಿನಲ್ಲಿ ಸಂಜೆ ಪಾಠ ನಡೆಯುತ್ತಿತ್ತೆಂದು ನನಗೆ ತಿಳಿದದ್ದು, ಈ ಅಂಗಡಿ ಹಾಕಿ ನಾಲ್ಕು ವರ್ಷವಾದ ಮೇಲೆ. ಪಾಠ ಇತ್ತು, ಮೇಷ್ಟ್ರು ಇದ್ದರು, ನಾನೂ ಇದ್ದೆ. ಹೇಳುವವರು ಇರಲಿಲ್ಲ. ನಿಮ್ಮ ಹುದ್ದೆ ಇರುವುದು ಆ ಒಂದು ಮಾತು ಹೇಳುವುದಕ್ಕೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಸೋಮವಾರ ಸಂಜೆಯೊಳಗೆ ಆ ಅರ್ಜಿಗೆ ಸಹಿ ಹಾಕಿ, ಅದನ್ನು ನೀವೇ ಕೈಯಲ್ಲಿ ಹಿಡಿದು ಪರೀಕ್ಷಾ ವಿಭಾಗಕ್ಕೆ ನಡೆದುಕೊಂಡು ಹೋಗಿ. ಇನ್ನೂರು ಹೆಜ್ಜೆ, ದಾರಿಯಲ್ಲಿ ಬೇವಿನ ನೆರಳಿದೆ. ಪ್ರಶ್ನೆಪತ್ರಿಕೆ ಗೋಪ್ಯ, ಹೊರಗಿನವನ ಕೈಗೆ ಕೊಡಲಾಗದು ಎನ್ನುವಿರಾ? ಕೊಡಬೇಡಿ. ನಿಮ್ಮ ಪರೀಕ್ಷಾ ವಿಭಾಗದಲ್ಲಿ ನನ್ನದಕ್ಕಿಂತ ಹೊಸ ಯಂತ್ರವಿದೆ, ಅದರಲ್ಲೂ ಅದೇ ಗುಂಡಿ ಇದೆ. ಒಂದು ಬೆರಳು ಸಾಕು. ಹಾಗೆಯೇ ಬೀಗದ ಮೇಲಿನ ಆ ಚೀಟಿಯನ್ನು ಕಿತ್ತುಹಾಕಿ ಬಾಗಿಲು ತೆಗೆಯಿರಿ.

ಈ ಪತ್ರವನ್ನು ನೂರಾ ನಲವತ್ತೊಂದರಲ್ಲಿ ದೊಡ್ಡದು ಮಾಡಿ ಗೇಟಿಗೆ, ಬಸ್ ನಿಲ್ದಾಣಕ್ಕೆ, ನಿಮ್ಮ ಬಾಗಿಲಿಗೆ ಅಂಟಿಸಿದ್ದೇನೆ. ಸಣ್ಣ ಅಕ್ಷರ ಕಾಣದವರು ಎಲ್ಲ ಕಡೆಯೂ ಇರುತ್ತಾರೆ ನೋಡಿ. ಇದಕ್ಕೆ ನಾನು ಯಾರ ಸಹಿಯನ್ನೂ ಕೇಳಲಿಲ್ಲ.

ಇಂತಿ,
ಮಂಗಳವಾರದವರೆಗೆ ಮಾತ್ರ ನಿಮ್ಮ ಹುದ್ದೆಯ ಪ್ರಭಾರದಲ್ಲಿರುವ,
ಅಂಬಮ್ಮನವರಿಗೆ ಮಾತು ಕೊಟ್ಟು ಸಿಕ್ಕಿಬಿದ್ದಿರುವ,
ಕೊಟ್ಟೂರಪ್ಪ, ಬಿ.ಎ. (ಫೇಲ್)
ಜೆರಾಕ್ಸ್ ಅಂಗಡಿ, ಗೇಟಿನ ಎದುರು, ಬಳ್ಳಾರಿ