ಡೆಕ್ಕಿನ ಹಲಗೆಯ ಅಡಿಯಲ್ಲಿ

ಸಂದೀಪ,

ನಾನು ಶೀಲಾವತಿ, ಗೋರೆಗಾಂವ್‌ನ ಈ ಹೊಟೇಲಿನ ಯಜಮಾನಿ, ನಿನ್ನನ್ನು ಸಾಕಿದ ದೊಡ್ಡಮ್ಮ.

ತೋಟದಲ್ಲಿ ಗಿರಾಕಿಗಳು ಕೂರುವ ಹಲಗೆಯ ಡೆಕ್ ಕಟ್ಟಿಸುವ ಕೆಲಸ ವಹಿಸಿಕೊಂಡಾಗ ನೀನು, "ಒಳಗಿನ ಫ್ರೇಮ್ ಸಹ ಫೈಬರಿನದ್ದೇ ದೊಡ್ಡಮ್ಮ, ನೀವು ದಿನಾ ನೀರು ಹೊಯ್ದರೂ ಏನೂ ಆಗುದಿಲ್ಲ" ಎಂದಿದ್ದೆ. ಬಡಗಿ ಹಣಮಂತ, "ಒಳಗ ಹಸಿ ಕಟ್ಟಗಿ ಐತ್ರೀ ಅಮ್ಮಾರ" ಎಂದಾಗ, ನಮ್ಮ ಹುಡುಗನ ಮೇಲೆ ಚಾಡಿ ಹೇಳಬೇಡ ಎಂದು ನಾನು ಅವನನ್ನೇ ಕೆಲಸದಿಂದ ಹೊರಗೆ ಕಳಿಸಿದೆ.

ಕಳೆದ ವಾರ ತುಳಸಿಗೆ ನೀರು ಹಾಕುವಾಗ ಹಲಗೆ ಕುಸಿದು ನನ್ನ ಕಾಲು ಮೊಣಕಾಲಿನವರೆಗೆ ಇಳಿಯಿತು. ಅಡಿಯಲ್ಲಿದ್ದದ್ದು ಫೈಬರಲ್ಲ, ಗೆದ್ದಲು ತಿಂದ ಮರ. ಸಂಜೆ ಅಲ್ಲಿ ಗಿರಾಕಿಗಳ ಮಕ್ಕಳು ಓಡಾಡುತ್ತಾರೆ.

ನಿನ್ನ ಸಾಮಾನು ವಾಚ್‌ಮನ್ ಬಳಿ ಇದೆ, ಅಲ್ಲಿಂದಲೇ ಒಯ್ಯು. ಹಣಮಂತನನ್ನು ಕರೆಸಿ ಕ್ಷಮೆ ಕೇಳಿದೆ. ಈಗ ನಿಜವಾದ ಫೈಬರ್ ಫ್ರೇಮನ್ನು ಅವನೇ ಹಾಕಿದ್ದಾನೆ. ಇಂದು ಮಧ್ಯಾಹ್ನ ಊಟಕ್ಕೆ ನಿನ್ನ ಜಾಗದಲ್ಲಿ ಅವನನ್ನು ಕೂರಿಸಿ ನಾನೇ ಬಡಿಸಿದೆ.

ಶೀಲಾವತಿ